ರಕ್ತಕ್ಕೆ ಬೆಲೆ ಕಟ್ಟಿದಾಗ

ರಕ್ತನಿಧಿಯಿಂದ ಒಂದು ಯೂನಿಟ್ ರಕ್ತ ತಂದವರು ಅಲ್ಲಿ ಕೊಟ್ಟ ರಸೀದಿಯನ್ನು ಒಮ್ಮೆ ಗಮನಿಸಿ ಓದಬೇಕು. ಅದರಲ್ಲಿ ರಕ್ತದ ಬೆಲೆ ಎಂಬ ಮಾತು ಇರುವುದಿಲ್ಲ. ಇರುವುದು ಸಂಸ್ಕರಣಾ ಶುಲ್ಕ. ಚೀಲ, ಗುಂಪಿನ ಪರೀಕ್ಷೆ, ಸೋಂಕಿನ ಪರೀಕ್ಷೆ, ಶೈತ್ಯಪೆಟ್ಟಿಗೆ, ಸಿಬ್ಬಂದಿ - ಇವುಗಳ ಖರ್ಚು ಅದು. ಚೀಲದೊಳಗಿನ ಕೆಂಪು ದ್ರವದ ಬೆಲೆ ನಮ್ಮ ದೇಶದ ಕಾನೂನಿನ ಪ್ರಕಾರ ಸೊನ್ನೆ. ಬೇಡಿಕೆ ಹೆಚ್ಚಾಗಿ ಪೂರೈಕೆ ಕಡಿಮೆಯಾದರೆ ಬೆಲೆ ಏರುತ್ತದೆ ಎಂಬುದು ಅರ್ಥಶಾಸ್ತ್ರದ ಮೊದಲ ಪಾಠ. ರಕ್ತಕ್ಕೆ ಸದಾ ಕೊರತೆ. ಆದರೂ ಬೆಲೆ ಸೊನ್ನೆಯಲ್ಲೇ ನಿಂತಿದೆ. ಹೀಗಿರುವಾಗ ಮುಖವನ್ನೇ ಕಾಣದ ರೋಗಿಯೊಬ್ಬನಿಗಾಗಿ ಕೆಲವರು ತೋಳು ಚಾಚುವುದಾದರೂ ಏಕೆ? ಹಣ ಕೊಟ್ಟರೆ ಇನ್ನಷ್ಟು ಮಂದಿ ಬಂದಾರೆ?

ಇದು ನೀತಿಪಾಠದ ಪ್ರಶ್ನೆ ಎಂದು ಮೇಲುನೋಟಕ್ಕೆ ಅನಿಸಬಹುದು. ವಾಸ್ತವವಾಗಿ ಇದರ ಹಿಂದೆ ನೂರು ವರ್ಷಗಳ ಪ್ರಯೋಗಗಳಿವೆ. ಕೆಲವನ್ನು ವಿಜ್ಞಾನಿಗಳು ಯೋಚಿಸಿ ನಡೆಸಿದರು. ಹೆಚ್ಚಿನವು ಆಸ್ಪತ್ರೆಗಳಲ್ಲಿ, ಯುದ್ಧಭೂಮಿಯಲ್ಲಿ, ನ್ಯಾಯಾಲಯಗಳಲ್ಲಿ ತಾವಾಗಿಯೇ ನಡೆದುಹೋದವು. ಅವುಗಳಲ್ಲಿ ಕೆಲವಕ್ಕೆ ಸಾವಿರಾರು ಜನ ಪ್ರಾಣದ ಬೆಲೆ ತೆತ್ತರು.

ಪಕ್ಕದಲ್ಲಿ ಮಲಗಿ ಕೊಡಬೇಕಾಗಿದ್ದ ಕಾಲ

ಲಂಡನ್ನಿನ ಪ್ರಸೂತಿ ವೈದ್ಯ ಜೇಮ್ಸ್ ಬ್ಲಂಡೆಲ್ 1818ರಲ್ಲಿಯೇ ಮನುಷ್ಯನ ರಕ್ತವನ್ನು ಮನುಷ್ಯನಿಗೆ ಕೊಟ್ಟು ನೋಡಿದ್ದರು. ಆದರೆ ಅನಂತರದ ಎಂಬತ್ತು ವರ್ಷ ರಕ್ತಪೂರಣವೆಂದರೆ ಬಹುಮಟ್ಟಿಗೆ ಅದೃಷ್ಟದ ಆಟ. ಕೆಲವರು ಬದುಕುತ್ತಿದ್ದರು, ಕೆಲವರು ರಕ್ತ ಒಳಹೋದ ಕೂಡಲೇ ನಡುಗಿ ಸಾಯುತ್ತಿದ್ದರು. ಕಾರಣ ತಿಳಿದದ್ದು 1901ರಲ್ಲಿ. ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ರಕ್ತದಲ್ಲಿ ಗುಂಪುಗಳಿವೆ ಎಂದು ತೋರಿಸಿದರು. ಈ ಶೋಧಕ್ಕೆ ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದು ಮಾತ್ರ 1930ರಲ್ಲಿ.

ಗುಂಪು ತಿಳಿದರೂ ಇನ್ನೊಂದು ತೊಡಕು ಉಳಿದಿತ್ತು. ದೇಹದಿಂದ ಹೊರಬಂದ ರಕ್ತ ಕೆಲವೇ ನಿಮಿಷಗಳಲ್ಲಿ ಹೆಪ್ಪುಗಟ್ಟುತ್ತದೆ. ಹಾಗಾಗಿ ಕೊಡುವವನನ್ನೂ ಪಡೆಯುವವನನ್ನೂ ಅಕ್ಕಪಕ್ಕ ಮಲಗಿಸಿ, ಒಬ್ಬನ ಧಮನಿಯನ್ನು ಇನ್ನೊಬ್ಬನ ಅಭಿಧಮನಿಗೆ ಹೊಲಿಯಬೇಕಾಗಿತ್ತು. 1908ರಲ್ಲಿ ನ್ಯೂಯಾರ್ಕ್‌ನಲ್ಲಿ ಅಲೆಕ್ಸಿಸ್ ಕ್ಯಾರೆಲ್ ಎಂಬ ಶಸ್ತ್ರವೈದ್ಯರು ರಕ್ತಸ್ರಾವದಿಂದ ಬಿಳಿಚಿಕೊಂಡಿದ್ದ ನವಜಾತ ಹೆಣ್ಣುಮಗುವೊಂದನ್ನು ಹೀಗೆ ಉಳಿಸಿದರು. ರಕ್ತ ಕೊಟ್ಟವರು ಮಗುವಿನ ತಂದೆ, ಅವರೂ ಶಸ್ತ್ರವೈದ್ಯರೇ. ಅವರ ಮಣಿಕಟ್ಟಿನ ಧಮನಿಯನ್ನು ಮಗುವಿನ ಕಾಲಿನ ರಕ್ತನಾಳಕ್ಕೆ ಸೇರಿಸಲಾಯಿತು. ಇಂಥ ಹೊಲಿಗೆಯ ಅನಂತರ ಆ ಧಮನಿ ಮತ್ತೆ ಕೆಲಸಕ್ಕೆ ಬಾರದು. ಇಷ್ಟೊಂದು ನೋವಿಗೆ, ಕಾಯಂ ನಷ್ಟಕ್ಕೆ ಯಾರು ಒಪ್ಪುತ್ತಾರೆ? ತಂದೆ, ತಾಯಿ, ಒಡಹುಟ್ಟಿದವರು. ಇಲ್ಲವೇ ಹಣಕ್ಕೆ ತೀರ ಮುಗ್ಗಟ್ಟಿದ್ದವರು.

ಇದನ್ನು ಬದಲಿಸಿದ್ದು ಉಪದೇಶವಲ್ಲ, ಒಂದು ಸಾಮಾನ್ಯ ಲವಣ. ಸೋಡಿಯಂ ಸಿಟ್ರೇಟ್ ರಕ್ತದ ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಕ್ಯಾಲ್ಸಿಯಂ ಸಿಗದಿದ್ದರೆ ರಕ್ತ ಹೆಪ್ಪುಗಟ್ಟುವ ಸರಣಿ ಕ್ರಿಯೆ ನಿಂತುಹೋಗುತ್ತದೆ. 1914ರಲ್ಲಿ ಬ್ರಸೆಲ್ಸ್‌ನ ಆಲ್ಬರ್ಟ್ ಹುಸ್ಟಿನ್ ಮತ್ತು ಬ್ಯೂನಸ್ ಐರಿಸ್‌ನ ಲೂಯಿ ಅಗೋಟೆ ಇದನ್ನು ರೋಗಿಗಳ ಮೇಲೆ ಬಳಸಿದರು. 1915ರಲ್ಲಿ ನ್ಯೂಯಾರ್ಕ್‌ನ ರಿಚರ್ಡ್ ಲೂಯಿಸನ್ ಎಷ್ಟು ಪ್ರಮಾಣ ಸುರಕ್ಷಿತ ಎಂಬುದನ್ನು ಕಂಡುಕೊಂಡರು. 1917ರಲ್ಲಿ ಆಸ್ವಾಲ್ಡ್ ರಾಬರ್ಟ್‌ಸನ್ ಸಿಟ್ರೇಟ್ ಮತ್ತು ಗ್ಲೂಕೋಸ್ ಬೆರೆಸಿದ ರಕ್ತವನ್ನು ಬಾಟಲಿಗಳಲ್ಲಿ ಶೇಖರಿಸಿ ಮಹಾಯುದ್ಧದ ರಣರಂಗಕ್ಕೆ ಒಯ್ದರು. ಇನ್ನು ಮುಂದೆ ಕೊಡುವವನು ಪಡೆಯುವವನ ಪಕ್ಕದಲ್ಲಿ ಮಲಗಬೇಕಾಗಿರಲಿಲ್ಲ. ಸಣ್ಣದೊಂದು ಸೂಜಿ ಚುಚ್ಚಿದರೆ ಸಾಕು. ತ್ಯಾಗದ ಪ್ರಮಾಣ ಇಷ್ಟು ಇಳಿದಾಗ ಮಾತ್ರವೇ ಅಪರಿಚಿತನನ್ನು ಕೇಳುವ ಧೈರ್ಯ ವೈದ್ಯರಿಗೆ ಬಂತು. ಔದಾರ್ಯದ ಇತಿಹಾಸದಲ್ಲಿ ರಸಾಯನ ವಿಜ್ಞಾನಕ್ಕೂ ಒಂದು ಪಾಲಿದೆ ಎನ್ನಬೇಕು.

ಕ್ಯಾಂಬರ್‌ವೆಲ್‌ನ ದೂರವಾಣಿ

1921ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಿಂದ ರೆಡ್‌ಕ್ರಾಸ್‌ನ ಕ್ಯಾಂಬರ್‌ವೆಲ್ ಶಾಖೆಗೆ ಒಂದು ಕರೆ ಬಂತು: ತುರ್ತಾಗಿ ರಕ್ತ ಬೇಕು, ಯಾರಾದರೂ ಬರುವಿರಾ? ಶಾಖೆಯ ಕಾರ್ಯದರ್ಶಿ ಪರ್ಸಿ ಲೇನ್ ಆಲಿವರ್ ಎಂಬುವರು ನಗರಸಭೆಯ ನೌಕರ, ವೈದ್ಯರಲ್ಲ. ಅವರು ತಮ್ಮ ಕೆಲವು ಜೊತೆಗಾರರನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ಪರೀಕ್ಷೆಯಲ್ಲಿ ಲಿನ್‌ಸ್ಟೆಡ್ ಎಂಬ ದಾದಿಯ ರಕ್ತ ಹೊಂದಿಕೆಯಾಯಿತು, ಆಕೆ ಕೊಟ್ಟಳು. ವಿಷಯ ಅಲ್ಲಿಗೇ ಮುಗಿಯಬಹುದಾಗಿತ್ತು. ಆದರೆ ಆಲಿವರ್ ಇದರಲ್ಲಿ ಬೇರೊಂದನ್ನು ಕಂಡರು. ರಕ್ತ ಕೊಡುವ ಜನ ಇಲ್ಲವೆಂದಲ್ಲ. ಬೇಕಾದ ಹೊತ್ತಿಗೆ ಅವರನ್ನು ಹುಡುಕುವ, ಕೇಳುವ ಏರ್ಪಾಡು ಇಲ್ಲ.

ಅವರು ಮನೆಯಲ್ಲಿಯೇ ಕಾರ್ಡುಗಳ ಪಟ್ಟಿ ಇಟ್ಟರು. ಪ್ರತಿ ದಾನಿಗೆ ಒಂದು ಕಾರ್ಡು; ಅದರಲ್ಲಿ ಹೆಸರು, ವಿಳಾಸ, ರಕ್ತದ ಗುಂಪು, ಆರೋಗ್ಯದ ವಿವರ, ಹಿಂದೆ ಕೊಟ್ಟ ದಿನಾಂಕ. ಆಸ್ಪತ್ರೆ ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ಆಲಿವರ್ ಇಲ್ಲವೇ ಅವರ ಪತ್ನಿ ಓಗೊಡುತ್ತಿದ್ದರು. ದಾನಿ ತಾನೇ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬರುತ್ತಿದ್ದ. ಹಣವಿಲ್ಲ. ದಾನಿಗಳಲ್ಲಿ ಸ್ಕೌಟ್ ಸಂಘದ ತರುಣರೂ ಇದ್ದರು. ದಾನಿಗಳನ್ನು ಗೌರವದಿಂದ ನಡೆಸಿಕೊಳ್ಳಬೇಕು, ತೋಳನ್ನು ಕೊಯ್ದು ರಕ್ತನಾಳ ಹುಡುಕುವ ಬದಲು ಸೂಜಿಯನ್ನೇ ಬಳಸಬೇಕು ಎಂದು ಆಲಿವರ್ ಪಟ್ಟು ಹಿಡಿದರು. ಇದು ಸಣ್ಣ ಸಂಗತಿಯಲ್ಲ. ಒಮ್ಮೆ ಕೊಟ್ಟವನು ಮತ್ತೆ ಬರುತ್ತಾನೋ ಇಲ್ಲವೋ ಎಂಬುದು ಅವನ ದಯಾಗುಣದಷ್ಟೇ, ಬಹುಶಃ ಅದಕ್ಕಿಂತ ಹೆಚ್ಚಾಗಿ, ಅವನನ್ನು ಹೇಗೆ ನಡೆಸಿಕೊಂಡರು ಎಂಬುದರ ಮೇಲೆ ನಿಂತಿದೆ.

ಆಲಿವರ್‌ಗೆ ಬೆಂಬಲವಾಗಿ ನಿಂತ ಶಸ್ತ್ರವೈದ್ಯ ಜೆಫ್ರಿ ಕೇನ್ಸ್. 1922ರಲ್ಲಿ ರಕ್ತಪೂರಣದ ಬಗ್ಗೆ ಪುಸ್ತಕ ಬರೆದವರು ಇವರೇ. ಇವರು ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ ಅವರ ತಮ್ಮ! ಅಣ್ಣ ಹಣದ ಹರಿವನ್ನು ಕುರಿತು ಯೋಚಿಸುತ್ತಿದ್ದಾಗ ತಮ್ಮ ಹಣವಿಲ್ಲದೆಯೇ ರಕ್ತ ಹರಿಯುವುದನ್ನು ಕಾಣುತ್ತಿದ್ದರು.

ಅದೇ ವರ್ಷಗಳಲ್ಲಿ ನ್ಯೂಯಾರ್ಕ್ ಬೇರೆ ದಾರಿ ಹಿಡಿದಿತ್ತು. ಅಲ್ಲಿ ರಕ್ತ ಕೊಡುವುದೊಂದು ಉಪವೃತ್ತಿ. ದಾನಿಗಳ ಪಟ್ಟಿ ಅಲ್ಲಿಯೂ ಇತ್ತು, ಆದರೆ ಹಣ ಕೊಟ್ಟು ಕರೆಸಬೇಕಾಗಿತ್ತು. ಎರಡೂ ನಗರಗಳ ಜನರ ಮನೋಧರ್ಮದಲ್ಲಿ ಹುಟ್ಟಿನಿಂದ ಅಷ್ಟೊಂದು ಅಂತರವಿತ್ತು ಎಂದು ನಾನು ನಂಬಲಾರೆ. ಅಂತರವಿದ್ದದ್ದು ಏರ್ಪಾಡಿನಲ್ಲಿ.

'ಬ್ಯಾಂಕ್' ಎಂಬ ಹೆಸರು

1937ರ ಮಾರ್ಚ್‌ನಲ್ಲಿ ಷಿಕಾಗೋದ ಕುಕ್ ಕೌಂಟಿ ಆಸ್ಪತ್ರೆಯಲ್ಲಿ ಬರ್ನಾರ್ಡ್ ಫಾಂಟಸ್ ರಕ್ತವನ್ನು ತಂಪಿನಲ್ಲಿಟ್ಟು ಕಾಪಾಡುವ ಪ್ರಯೋಗಾಲಯವೊಂದನ್ನು ತೆರೆದರು. ಅದಕ್ಕೆ ಮೊದಲು ಯೋಚಿಸಿದ್ದ ಹೆಸರು ರಕ್ತ ಸಂರಕ್ಷಣಾ ಪ್ರಯೋಗಾಲಯ. ಕೊನೆಗೆ ಅವರು ಆರಿಸಿಕೊಂಡದ್ದು 'ಬ್ಲಡ್ ಬ್ಯಾಂಕ್'. ಠೇವಣಿ ಇಡದೆ ಹಣ ತೆಗೆಯಲಾಗದು ಎಂಬಂತೆ ರಕ್ತ ಕಟ್ಟದೆ ರಕ್ತ ಪಡೆಯಲಾಗದು ಎಂಬುದು ಅದರ ಹಿಂದಿನ ಭಾವನೆ. ರೋಗಿಯ ಬಂಧುಗಳು ಕೊಟ್ಟರೆ ಜಮೆ. ರೋಗಿಗೆ ಹೋದರೆ ಖರ್ಚು. ಹೆಸರಿನೊಡನೆ ಒಂದು ಇಡೀ ಲೆಕ್ಕಾಚಾರವೇ ಆಸ್ಪತ್ರೆಗಳಿಗೆ ಬಂತು. ಕನ್ನಡದಲ್ಲಿ ನಾವು ಇದನ್ನು 'ರಕ್ತನಿಧಿ' ಎಂದು ಕರೆದುಕೊಂಡದ್ದು ಹೆಚ್ಚು ಚೆನ್ನಾಗಿದೆ ಎಂದು ನನ್ನ ಅನಿಸಿಕೆ. ನಿಧಿಯಲ್ಲಿ ಖಾತೆ ಪುಸ್ತಕದ ವಾಸನೆಯಿಲ್ಲ.

ಎರಡನೆಯ ಮಹಾಯುದ್ಧ ರಕ್ತದಾನವನ್ನು ಜನಸಾಮಾನ್ಯರ ಕೆಲಸವನ್ನಾಗಿ ಮಾಡಿತು. ಲಂಡನ್ನಿನ ಸುತ್ತ 1939ರಲ್ಲಿ ರಕ್ತ ಸಂಗ್ರಹ ಕೇಂದ್ರಗಳನ್ನು ಕಟ್ಟಿದ ವೈದ್ಯೆ ಜಾನೆಟ್ ವಾನ್ ಮತ್ತು ಅವರ ಜೊತೆಗಾರರು ಹಾಲಿನ ಬಾಟಲಿಯನ್ನೇ ಸ್ವಲ್ಪ ಮಾರ್ಪಡಿಸಿ ರಕ್ತ ತುಂಬಿದರು. ಅಮೆರಿಕದ ರೆಡ್‌ಕ್ರಾಸ್ ಯುದ್ಧ ಮುಗಿಯುವುದರೊಳಗೆ 1 ಕೋಟಿ 30 ಲಕ್ಷಕ್ಕೂ ಹೆಚ್ಚು ಯೂನಿಟ್ ಸಂಗ್ರಹಿಸಿತು. ಆದರೆ ಎಲ್ಲರ ತೋಳೂ ಅದಕ್ಕೆ ಬೇಕಾಗಿರಲಿಲ್ಲ. ಮೊದಲು ಕರಿಯರಿಂದ ರಕ್ತವನ್ನೇ ಪಡೆಯಲಿಲ್ಲ. 1942ರಿಂದ ಪಡೆದರೂ ಬಿಳಿಯರ ರಕ್ತದೊಡನೆ ಸೇರಿಸದೆ ಬೇರೆಯಾಗಿಟ್ಟರು. ಬ್ರಿಟನ್ನಿಗೆ ಪ್ಲಾಸ್ಮಾ ಕಳುಹಿಸುವ ಯೋಜನೆಯನ್ನು 1940ರಲ್ಲಿ ನಡೆಸಿಕೊಟ್ಟ ಚಾರ್ಲ್ಸ್ ಡ್ರೂ ಸ್ವತಃ ಕರಿಯ ಜನಾಂಗದ ಶಸ್ತ್ರವೈದ್ಯರು. ಈ ಬೇರ್ಪಡಿಕೆಗೆ ವೈಜ್ಞಾನಿಕ ಆಧಾರವೇನೂ ಇಲ್ಲವೆಂದು ಅವರು ಸಾರಿ ಹೇಳಿದರು. ಅದು ನಿಂತದ್ದು 1950ರಲ್ಲಿ. ಡ್ರೂ ಅಪಘಾತದಲ್ಲಿ ತೀರಿಕೊಂಡದ್ದೂ ಅದೇ ವರ್ಷ. ಕೊಡಲು ಬಂದವನನ್ನು ಬೇಡವೆಂದು ಕಳುಹಿಸುವುದೂ ಕೊಡುವ ಮನಸ್ಸನ್ನು ರೂಪಿಸುವ ಬಗೆಯೇ.

ಕ್ಯಾನ್ಸಸ್ ನಗರದ ಮೊಕದ್ದಮೆ

ಯುದ್ಧ ಮುಗಿದ ಮೇಲೆ ಬ್ರಿಟನ್ 1946ರಲ್ಲಿ ರಾಷ್ಟ್ರೀಯ ರಕ್ತಪೂರಣ ಸೇವೆಯನ್ನು ಆರಂಭಿಸಿತು. ಅಲ್ಲಿ ದಾನಿಗೆ ಸಿಗುತ್ತಿದ್ದುದು ಒಂದು ಕಪ್ ಚಹಾ. ಅಮೆರಿಕದಲ್ಲಿ ರೆಡ್‌ಕ್ರಾಸ್‌ನ ಜೊತೆಜೊತೆಗೇ ವ್ಯಾಪಾರಿ ರಕ್ತ ಬ್ಯಾಂಕುಗಳು ಬೆಳೆದವು. ಬಡವರ ಬೀದಿಗಳಲ್ಲಿ, ಕುಡುಕರು ಮಲಗುವ ಮೂಲೆಗಳಲ್ಲಿ ಅವುಗಳ ಅಂಗಡಿ. ಜೈಲುಗಳಲ್ಲೂ ಸಂಗ್ರಹ ನಡೆಯಿತು.

ಕ್ಯಾನ್ಸಸ್ ನಗರದಲ್ಲಿ 1955ರಲ್ಲಿ ಇಂಥ ಒಂದು ವ್ಯಾಪಾರಿ ಬ್ಯಾಂಕ್ ಬಂತು. 1958ರಲ್ಲಿ ಊರಿನವರು ಲಾಭರಹಿತ ಸಮುದಾಯ ರಕ್ತನಿಧಿಯನ್ನು ತೆರೆದರು. ಅಲ್ಲಿನ ಆಸ್ಪತ್ರೆಗಳೂ ವೈದ್ಯರೂ ಎರಡನೆಯದರಿಂದಲೇ ರಕ್ತ ತರಿಸತೊಡಗಿದರು. ವ್ಯಾಪಾರಿ ಬ್ಯಾಂಕು ದೂರು ಕೊಟ್ಟಿತು. 1962ರಲ್ಲಿ ಅಮೆರಿಕದ ಫೆಡರಲ್ ವಾಣಿಜ್ಯ ಆಯೋಗ ಈ ಆಸ್ಪತ್ರೆಗಳ ಮತ್ತು ಸಮುದಾಯ ರಕ್ತನಿಧಿಯ ಮೇಲೆಯೇ ಆರೋಪ ಹೊರಿಸಿತು! ಏನೆಂದು? ರಕ್ತದ ವ್ಯಾಪಾರಕ್ಕೆ ಅಡ್ಡಿಯೊಡ್ಡಲು ಸಂಚು ಮಾಡಿದ್ದಾರೆ ಎಂದು. 1966ರಲ್ಲಿ ಆಯೋಗದ ತೀರ್ಪೂ ಅವರ ವಿರುದ್ಧವಾಗಿ ಬಂತು. ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿದ್ದು 1969ರಲ್ಲಿ. ರಕ್ತವೆಂಬುದು ಸೋಪು, ಸಕ್ಕರೆಗಳಂತೆ ಒಂದು ಸರಕೇ? ಆ ನ್ಯಾಯಾಲಯ ಇದಕ್ಕೆ ನೇರವಾಗಿ ಉತ್ತರಿಸಲಿಲ್ಲ. ಲಾಭರಹಿತ ಸಂಸ್ಥೆಗಳ ಮೇಲೆ ಆಯೋಗಕ್ಕೆ ಅಧಿಕಾರವಿಲ್ಲ ಎಂದು ಹೇಳಿ ಮುಗಿಸಿತು.

ಉತ್ತರ ಪ್ರಯೋಗಾಲಯದಿಂದ ಬರುತ್ತಿತ್ತು. ರಕ್ತ ಪಡೆದ ಹಲವರಿಗೆ ಕೆಲವು ವಾರಗಳ ಅನಂತರ ಕಾಮಾಲೆ ಬರುತ್ತದೆ ಎಂಬುದು ವೈದ್ಯರಿಗೆ ತಿಳಿದಿತ್ತು. ಅದು ಹೆಪಟೈಟಿಸ್, ಯಕೃತ್ತಿನ ಉರಿಯೂತ. ಬರೂಕ್ ಬ್ಲಂಬರ್ಗ್ 1965ರಲ್ಲಿ ವರದಿ ಮಾಡಿದ 'ಆಸ್ಟ್ರೇಲಿಯಾ ಪ್ರತಿಜನಕ' ಹೆಪಟೈಟಿಸ್-ಬಿ ವೈರಸ್ಸಿನ ಗುರುತು ಎಂದು ಅನಂತರ ತಿಳಿಯಿತು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಆಸ್ಪತ್ರೆಯಲ್ಲಿ ಹಾರ್ವೆ ಆಲ್ಟರ್ ಮತ್ತು ಜೊತೆಗಾರರು ಹೃದಯದ ಶಸ್ತ್ರಚಿಕಿತ್ಸೆಗೆ ಒಳಗಾದವರನ್ನು ಗಮನಿಸಿದರು. ಸುಮಾರು ಮೂರರಲ್ಲಿ ಒಬ್ಬರಿಗೆ ರಕ್ತಪೂರಣದಿಂದ ಹೆಪಟೈಟಿಸ್ ಬರುತ್ತಿತ್ತು. 1970ರಲ್ಲಿ ಅವರು ಹಣ ಪಡೆಯುವ ದಾನಿಗಳನ್ನು ಪೂರ್ತಿ ಕೈಬಿಟ್ಟು, ಹೊಸ ಪ್ರತಿಜನಕ ಪರೀಕ್ಷೆಯನ್ನೂ ಜಾರಿಗೆ ತಂದರು. ರೋಗದ ಪ್ರಮಾಣ ಸುಮಾರು ಹತ್ತರಲ್ಲಿ ಒಬ್ಬರಿಗೆ ಇಳಿಯಿತು. ಆಲ್ಟರ್ ಅವರಿಗೆ ಹೆಪಟೈಟಿಸ್-ಸಿ ಸಂಶೋಧನೆಗಾಗಿ 2020ರಲ್ಲಿ ನೊಬೆಲ್ ಬಂದದ್ದು ನಿಮಗೆ ನೆನಪಿರಬಹುದು.

ಇಲ್ಲಿ ಒಂದು ಸೂಕ್ಷ್ಮವಿದೆ. ಹಣ ಮುಟ್ಟಿದ ಮಾತ್ರಕ್ಕೆ ರಕ್ತ ಕೆಡುವುದಿಲ್ಲ. ತನಗೆ ಹಿಂದೆ ಕಾಮಾಲೆ ಬಂದಿತ್ತೇ, ಯಾರಾದರೂ ಬಳಸಿದ ಸೂಜಿಯನ್ನು ತಾನು ಬಳಸಿದ್ದೆನೇ ಎಂಬುದು ಕೊಡುವವನಿಗೆ ಮಾತ್ರ ಗೊತ್ತು. ದುಡ್ಡಿನ ಆಸೆಯಿಲ್ಲದವನು ನಿಜ ಹೇಳಿ ಹಿಂದಿರುಗಿದರೆ ಅವನಿಗೆ ನಷ್ಟವಿಲ್ಲ. ಅಂದಿನ ಊಟಕ್ಕೆ ರಕ್ತ ಮಾರಬೇಕಾದವನು ನಿಜ ಹೇಳಿದರೆ ಉಪವಾಸ. ಸೋಂಕು ತಗಲಿದ ದಿನಕ್ಕೂ ಅದು ಪರೀಕ್ಷೆಯಲ್ಲಿ ಕಾಣಿಸುವ ದಿನಕ್ಕೂ ನಡುವೆ ಒಂದು ಅಂತರವಿದೆ. ಇದನ್ನು 'ಗವಾಕ್ಷಿ ಅವಧಿ' ಎನ್ನುತ್ತಾರೆ. ಈಗಿನ ನ್ಯೂಕ್ಲಿಯಿಕ್ ಆಮ್ಲ ಪರೀಕ್ಷೆಗಳಿಂದ ಅದು ದಿನಗಳ ಲೆಕ್ಕಕ್ಕೆ ಇಳಿದಿದೆ. ಸೊನ್ನೆಯಾಗಿಲ್ಲ. ಆ ಕೆಲವು ದಿನಗಳ ಮಟ್ಟಿಗೆ ದಾನಿಯ ಸತ್ಯವೇ ರೋಗಿಗೆ ರಕ್ಷಣೆ.

ಟಿಟ್ಮಸ್ ವಾದ, ಆ್ಯರೋ ಪ್ರಶ್ನೆ

ಈ ಎಲ್ಲ ಸಂಗತಿಗಳನ್ನು ಒಂದೆಡೆ ತಂದವರು ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನ ರಿಚರ್ಡ್ ಟಿಟ್ಮಸ್. ರೈತನ ಮಗ, ಪದವಿ ಇಲ್ಲ, ವಿಮಾ ಕಚೇರಿಯಲ್ಲಿ ಹದಿನಾರು ವರ್ಷ ದುಡಿದು 1950ರಲ್ಲಿ ಪ್ರಾಧ್ಯಾಪಕರಾದವರು. 1970ರಲ್ಲಿ ಅವರು ಬರೆದ 'ದ ಗಿಫ್ಟ್ ರಿಲೇಶನ್‌ಶಿಪ್' ಪುಸ್ತಕ ಬ್ರಿಟನ್ ಮತ್ತು ಅಮೆರಿಕಗಳ ರಕ್ತ ವ್ಯವಸ್ಥೆಯನ್ನು ಹೋಲಿಸಿತು. ಮಾರಾಟದ ರಕ್ತ ಅಪಾಯಕಾರಿ, ಹೆಚ್ಚು ವ್ಯರ್ಥವಾಗುತ್ತದೆ, ಬಡವರಿಂದ ಸಿರಿವಂತರಿಗೆ ಹರಿಯುತ್ತದೆ ಎಂದು ಅಂಕಿಅಂಶ ಸಹಿತ ವಾದಿಸಿದರು. ಇವುಗಳ ಜೊತೆಗೆ ಇನ್ನೊಂದು ಮಾತು: ರಕ್ತಕ್ಕೆ ಬೆಲೆ ಕಟ್ಟಿದರೆ ಸುಮ್ಮನೆ ಕೊಡುತ್ತಿದ್ದವರ ಮನಸ್ಸೂ ಕುಗ್ಗುತ್ತದೆ.

ಕೆನೆತ್ ಆ್ಯರೋ 1972ರಲ್ಲಿ, ತಮಗೆ ಅರ್ಥಶಾಸ್ತ್ರದ ನೊಬೆಲ್ ಬಂದ ವರ್ಷವೇ, ಇದನ್ನು ಪ್ರಶ್ನಿಸಿದರು. ಒಬ್ಬನಿಗೆ ಮಾರುವ ಅವಕಾಶ ಕೊಟ್ಟರೆ ಇನ್ನೊಬ್ಬನ ಕೊಡುವ ಅವಕಾಶ ಹೇಗೆ ಕಡಿಮೆಯಾಗುತ್ತದೆ? ಕೊಡಬಯಸುವವನು ಹಣ ಬೇಡವೆನ್ನಬಹುದಲ್ಲ! ನ್ಯಾಯವಾದ ಪ್ರಶ್ನೆ. ಟಿಟ್ಮಸ್ ಬಳಿ ಇದಕ್ಕೆ ನೇರ ಸಾಕ್ಷ್ಯವಿರಲಿಲ್ಲ. ಅವರು ಹೋಲಿಸಿದ್ದು ಎರಡು ದೇಶಗಳನ್ನು; ಎರಡು ದೇಶಗಳ ನಡುವೆ ಬೇರೆ ನೂರು ವ್ಯತ್ಯಾಸಗಳಿರುತ್ತವೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಪರಿಚಿತ ತೊಡಕು: ನಿಯಂತ್ರಿತ ಪ್ರಯೋಗವಿಲ್ಲದೆ ಕಾರಣವನ್ನು ಬೇರ್ಪಡಿಸುವುದು ಹೇಗೆ? ಟಿಟ್ಮಸ್ 1973ರಲ್ಲಿ ತೀರಿಕೊಂಡರು.

ಆದರೂ ಪುಸ್ತಕ ಕೆಲಸ ಮಾಡಿತು. ವಿಶ್ವ ಆರೋಗ್ಯ ಸಭೆ 1975ರಲ್ಲಿ ಹಣರಹಿತ ಸ್ವಯಂಪ್ರೇರಿತ ರಕ್ತದಾನಕ್ಕೆ ಕರೆಕೊಟ್ಟಿತು. 1978ರಿಂದ ಅಮೆರಿಕದಲ್ಲಿ ಪ್ರತಿ ಚೀಲದ ಮೇಲೆ ಅದು ಹಣ ಪಡೆದವನದೋ ಸ್ವಯಂಪ್ರೇರಿತನದೋ ಎಂದು ಮುದ್ರಿಸುವುದು ಕಡ್ಡಾಯವಾಯಿತು. ಮಾರುವುದನ್ನು ಯಾರೂ ನಿಷೇಧಿಸಲಿಲ್ಲ. ಚೀಟಿ ಓದಿದ ವೈದ್ಯರು ಮೊದಲನೆಯದನ್ನು ಕೊಳ್ಳುವುದನ್ನು ಬಿಟ್ಟರು, ಅಷ್ಟೆ.

ಆ್ಯರೋ ಪ್ರಶ್ನೆಗೆ ಪ್ರಯೋಗದ ಉತ್ತರ ಬರಲು ದಶಕಗಳೇ ಹಿಡಿದವು. ಮೊದಲ ಸುಳಿವುಗಳು ರಕ್ತದ ವಿಷಯದಲ್ಲಿ ಅಲ್ಲ, ಬೇರೆ ಕಡೆ ಸಿಕ್ಕವು. ಸ್ವಿಟ್ಜರ್ಲೆಂಡಿನ ವುಲ್ಫನ್‌ಷೀಸನ್ ಎಂಬ ಹಳ್ಳಿಯ ಸಮೀಪ ಪರಮಾಣು ತ್ಯಾಜ್ಯದ ಉಗ್ರಾಣ ಕಟ್ಟುವ ಪ್ರಸ್ತಾಪವಿತ್ತು. 1993ರಲ್ಲಿ ಬ್ರೂನೋ ಫ್ರೇ ಮತ್ತು ಫೆಲಿಕ್ಸ್ ಓಬರ್‌ಹೋಲ್ಟ್ಸರ್-ಗೀ ಅಲ್ಲಿನವರನ್ನು ಕೇಳಿದಾಗ ಶೇಕಡ 50.8ರಷ್ಟು ಜನ ಒಪ್ಪಿದರು. ಎಲ್ಲಾದರೂ ಇಡಲೇಬೇಕಲ್ಲ, ನಮ್ಮಲ್ಲೇ ಇರಲಿ ಎಂಬ ಭಾವನೆ. ವರ್ಷವರ್ಷವೂ ಪರಿಹಾರಧನ ಕೊಡುತ್ತೇವೆ ಎಂದು ಸೇರಿಸಿ ಕೇಳಿದಾಗ ಒಪ್ಪಿದವರು ಶೇಕಡ 24.6 ಮಾತ್ರ! ಇಸ್ರೇಲಿನ ಹೈಫಾದಲ್ಲಿ ಹತ್ತು ಶಿಶುವಿಹಾರಗಳ ಪೈಕಿ ಆರರಲ್ಲಿ, ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ದಂಡ ಹಾಕಿ ನೋಡಿದರು. ತಡವಾಗಿ ಬರುವವರ ಸಂಖ್ಯೆ ಸುಮಾರು ಇಮ್ಮಡಿಯಾಯಿತು. ಕೆಲವು ವಾರಗಳ ಮೇಲೆ ದಂಡ ತೆಗೆದರೂ ಅದು ಹಿಂದಿನ ಮಟ್ಟಕ್ಕೆ ಇಳಿಯಲಿಲ್ಲ. ಯೂರಿ ಗ್ನೀಜಿ ಮತ್ತು ಆಲ್ಡೊ ರುಸ್ಟಿಕಿನಿ 2000ದಲ್ಲಿ ಇದನ್ನು ಪ್ರಕಟಿಸಿದರು. ಮೊದಲು ಶಿಕ್ಷಕಿಯನ್ನು ಕಾಯಿಸಬಾರದೆಂಬ ಸಂಕೋಚವಿತ್ತು. ದಂಡ ಬಂದ ಮೇಲೆ ಸಂಕೋಚ ಹೋಗಿ, ದುಡ್ಡು ಕೊಟ್ಟು ಪಡೆಯುವ ಸೇವೆಯಾಯಿತು.

ಟಿಟ್ಮಸ್ ವಾದವನ್ನೇ ನೇರವಾಗಿ ಪರೀಕ್ಷೆಗೆ ಒಡ್ಡಿದ್ದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ; ಫಲಿತಾಂಶ 2008ರಲ್ಲಿ ಬಂತು. ಕಾರ್ಲ್ ಮೆಲ್‌ಸ್ಟ್ರಾಮ್ ಮತ್ತು ಮ್ಯಾಗ್ನಸ್ ಯೋಹಾನೆಸನ್ 262 ವಿದ್ಯಾರ್ಥಿಗಳನ್ನು ಮೂರು ಗುಂಪು ಮಾಡಿದರು. ರಕ್ತದಾನಿಯಾಗಲು ಬೇಕಾದ ಆರೋಗ್ಯ ತಪಾಸಣೆಗೆ ಬರುವಿರಾ ಎಂಬುದು ಪ್ರಶ್ನೆ. ಒಂದು ಗುಂಪಿಗೆ ಏನೂ ಇಲ್ಲ. ಎರಡನೆಯದಕ್ಕೆ 50 ಕ್ರೋನರ್ ಹಣ. ಮೂರನೆಯದಕ್ಕೆ ಅದೇ ಹಣ, ಆದರೆ ಬೇಕಾದರೆ ಕ್ಯಾನ್ಸರ್ ಪೀಡಿತ ಮಕ್ಕಳ ನಿಧಿಗೆ ಕೊಟ್ಟುಬಿಡುವ ಅವಕಾಶ. ವಿದ್ಯಾರ್ಥಿನಿಯರಲ್ಲಿ ಹಣವಿಲ್ಲದೆ ಒಪ್ಪಿದವರು ಶೇಕಡ 52, ಹಣ ಕೊಟ್ಟಾಗ 30, ದಾನದ ಅವಕಾಶ ಸೇರಿಸಿದಾಗ ಮತ್ತೆ 53. ಹುಡುಗರಲ್ಲಿ ಮಾತ್ರ ಇಂಥ ವ್ಯತ್ಯಾಸ ಕಾಣಲಿಲ್ಲ. ಅರ್ಧದಷ್ಟು ಸರಿ ಎಂದಾಯಿತೆ? ಅಷ್ಟು ಸುಲಭವಲ್ಲ. ಅಮೆರಿಕದ ಉತ್ತರ ಓಹಾಯೊದಲ್ಲಿ ರೆಡ್‌ಕ್ರಾಸ್ ನಡೆಸಿದ ಸುಮಾರು 14,000 ಶಿಬಿರಗಳ ದಾಖಲೆಯನ್ನು 2012ರಲ್ಲಿ ವಿಶ್ಲೇಷಿಸಿದಾಗ, ಅಂಗಿ, ಕೊಡುಗೆ ಚೀಟಿ ಮುಂತಾದ ಚಿಕ್ಕ ಉಡುಗೊರೆ ಇಟ್ಟ ಕಡೆ ಶೇಕಡ 15-20ರಷ್ಟು ಹೆಚ್ಚು ಜನ ಬಂದಿದ್ದರು. ಅವರಲ್ಲಿ ಒಂದಷ್ಟು ಮಂದಿ ನೆರೆಯ ಶಿಬಿರಗಳನ್ನು ಬಿಟ್ಟು ಬಂದವರು ಎಂಬುದೂ ಅದೇ ದಾಖಲೆಯಿಂದ ತಿಳಿಯಿತು. ಸ್ವಿಟ್ಜರ್ಲೆಂಡಿನಲ್ಲಿ ಲಾಟರಿ ಚೀಟಿ ಕೊಟ್ಟಾಗ ದಾನಿಗಳು ಹೆಚ್ಚಿದರು, ಉಚಿತ ಕೊಲೆಸ್ಟರಾಲ್ ಪರೀಕ್ಷೆಗೆ ಯಾರೂ ಕರಗಲಿಲ್ಲ.

ನನಗೆ ತೋರುವಂತೆ ಇವೆಲ್ಲವೂ ಒಂದಕ್ಕೊಂದು ವಿರುದ್ಧವಲ್ಲ. ಅಂಗಿಯೊಂದು ಮೆಚ್ಚುಗೆಯ ಗುರುತು. ಅದನ್ನು ತೊಟ್ಟು ಬೀದಿಯಲ್ಲಿ ನಡೆಯಬಹುದು. ಐವತ್ತು ಕ್ರೋನರ್ ಕೂಲಿ. ಕೂಲಿಯೆಂದ ಮೇಲೆ ಇಷ್ಟೇನಾ ಎಂಬ ಪ್ರಶ್ನೆ ಏಳುತ್ತದೆ. ಆ್ಯರೋ ಊಹಿಸಿದಂತೆ ಕೊಡುವ ಅವಕಾಶ ಹಾಗೆಯೇ ಉಳಿಯಿತು ನಿಜ. ಆದರೆ ಕೊಡುವುದರ ಅರ್ಥ ಬದಲಾಯಿತು.

ದಾನವಾದ ಮಾತ್ರಕ್ಕೆ ಸುರಕ್ಷಿತವಲ್ಲ

ಚೀನಾದ ಹೆನಾನ್ ಪ್ರಾಂತದಲ್ಲಿ 1990ರ ದಶಕದಲ್ಲಿ ರೈತರಿಂದ ಪ್ಲಾಸ್ಮಾ ಕೊಳ್ಳುವ ವ್ಯಾಪಾರ ಭರದಿಂದ ನಡೆಯಿತು. ಪ್ಲಾಸ್ಮಾವನ್ನು ದೇಹ ಒಂದೆರಡು ದಿನಗಳಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ವಾರಗಳು ಬೇಕು. ಅದಕ್ಕಾಗಿ ಹಲವರ ರಕ್ತ ಬೆರೆಸಿ, ಪ್ಲಾಸ್ಮಾ ಬೇರ್ಪಡಿಸಿ, ಉಳಿದ ಕೆಂಪು ಕಣಗಳನ್ನು ಅವರಿಗೇ ಹಂಚಿ ಮರಳಿ ಏರಿಸುತ್ತಿದ್ದರು. ಹಾಗೆ ಮಾಡಿದರೆ ರಕ್ತಹೀನತೆ ಬರದೆ ಅವರು ಬೇಗನೆ ಮತ್ತೆ ಮಾರಬಹುದಲ್ಲ! ಒಬ್ಬನ ಎಚ್‌ಐವಿ ಹೀಗೆ ಹಳ್ಳಿಹಳ್ಳಿಗೇ ಹರಡಿತು. ಇದನ್ನು ಬಯಲಿಗೆ ತಂದ ವೃದ್ಧ ವೈದ್ಯೆ ಗಾವೊ ಯಾವೊಜೀ ಕೊನೆಗೆ ದೇಶ ಬಿಟ್ಟು, 2023ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡರು.

ಟಿಟ್ಮಸ್ ಹೆಮ್ಮೆಪಟ್ಟ ಬ್ರಿಟನ್ನಿನ ಕಥೆಯೂ ಕಳಂಕರಹಿತವಲ್ಲ. ಕುಸುಮರೋಗಿಗಳಿಗೆ ಬೇಕಾದ ಎಂಟನೆಯ ಹೆಪ್ಪುಕಾರಕ ಅಂಶವನ್ನು ಅದು ಸಾಕಷ್ಟು ತಯಾರಿಸಿಕೊಳ್ಳದೆ ಅಮೆರಿಕದಿಂದ ತರಿಸಿತು. ಅದು ಸಾವಿರಾರು ಮಂದಿಯ, ಕೈದಿಗಳೂ ಸೇರಿದಂತೆ ಹಣ ಪಡೆದವರ, ಪ್ಲಾಸ್ಮಾ ಬೆರೆಸಿ ತಯಾರಿಸಿದ್ದು. ಬ್ರಿಟನ್ನಿನ ಸ್ವಯಂಪ್ರೇರಿತ ರಕ್ತದಿಂದಲೂ ಹಲವರಿಗೆ ಹೆಪಟೈಟಿಸ್-ಸಿ ತಗಲಿತು. 2024ರ ಮೇ ತಿಂಗಳಲ್ಲಿ ಪ್ರಕಟವಾದ ವಿಚಾರಣಾ ವರದಿಯ ಪ್ರಕಾರ ಸೋಂಕಿಗೆ ಒಳಗಾದವರು 30,000ಕ್ಕೂ ಹೆಚ್ಚು. ಸತ್ತವರು ಸುಮಾರು 3,000. ಇಂದಿಗೂ ಜಗತ್ತಿನ ಪ್ಲಾಸ್ಮಾ ಔಷಧಿಗಳ ದೊಡ್ಡ ಪಾಲು ಅಮೆರಿಕದಲ್ಲಿ ಹಣ ಕೊಟ್ಟು ಸಂಗ್ರಹಿಸಿದ್ದು; ಮಾರಾಟವನ್ನು ಒಪ್ಪದ ದೇಶಗಳೂ ಅದನ್ನು ಕೊಳ್ಳುತ್ತವೆ.

ನಮ್ಮ ದೇಶದಲ್ಲಿ

ಭಾರತದಲ್ಲಿ ವೃತ್ತಿಪರ ರಕ್ತ ಮಾರಾಟಗಾರರ ಕಾಲ ತೀರ ಹಳೆಯದಲ್ಲ. 'ಕಾಮನ್ ಕಾಸ್' ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು 1996ರ ಜನವರಿ 4ರಂದು ತೀರ್ಪಿತ್ತು, ಪರವಾನಗಿಯಿಲ್ಲದ ರಕ್ತನಿಧಿಗಳನ್ನು ಮುಚ್ಚಲು, ರಾಷ್ಟ್ರ ಮತ್ತು ರಾಜ್ಯ ಮಟ್ಟದ ರಕ್ತಪೂರಣ ಪರಿಷತ್ತುಗಳನ್ನು ಸ್ಥಾಪಿಸಲು, ಎರಡು ವರ್ಷಗಳೊಳಗೆ ರಕ್ತ ಮಾರಾಟ ನಿಲ್ಲಿಸಲು ಆದೇಶಿಸಿತು. 1998ರ ಜನವರಿ 1ರಿಂದ ನಿಷೇಧ ಜಾರಿಗೆ ಬಂತು. ರಾಷ್ಟ್ರೀಯ ರಕ್ತನೀತಿ ಬಂದದ್ದು 2002ರಲ್ಲಿ.

ಮಾರಾಟ ನಿಷೇಧವಾದ ಮೇಲೆ ಜಾಗ ತುಂಬಿದ್ದು ಬದಲಿ ದಾನ. ಒಂದು ಯೂನಿಟ್ ಬೇಕಾದರೆ ಮನೆಯವರು ಒಂದು ಯೂನಿಟ್ ಕೊಡಬೇಕು. ಫಾಂಟಸ್‌ರ ಬ್ಯಾಂಕ್ ಲೆಕ್ಕವೇ ಇದು. ದೂರದ ಊರಿನಿಂದ ಒಬ್ಬರೇ ರೋಗಿಯನ್ನು ಕರೆತಂದವರು ಎಲ್ಲಿಂದ ತಂದಾರು? ಆಸ್ಪತ್ರೆಯ ಹೊರಗೆ ಹಣ ಪಡೆದು 'ಬಂಧು'ವಾಗಿ ಬರುವವರು ಅಂಥವರಿಗಾಗಿಯೇ ಹುಟ್ಟಿಕೊಂಡರು. ಕಾನೂನು ವ್ಯಾಪಾರವನ್ನು ನಿಲ್ಲಿಸಿತು, ಬದಲಿ ದಾನ ಅದಕ್ಕೆ ಹಿಂಬಾಗಿಲು ತೆರೆಯಿತು. 2008ರಲ್ಲಿ ಉತ್ತರ ಪ್ರದೇಶದ ಗೋರಖಪುರದಲ್ಲಿ, ಕೂಡಿಹಾಕಿ ರಕ್ತ ತೆಗೆಯಲಾಗುತ್ತಿದ್ದ 17 ಮಂದಿಯನ್ನು ಪೊಲೀಸರು ಬಿಡಿಸಿದರು.

ಹೀಗಾಗಿ ಹಲವು ರಕ್ತನಿಧಿಗಳು ಶಿಬಿರಗಳತ್ತ ತಿರುಗಿವೆ. ಶಿಬಿರಗಳಿಗೆ ಬೇರೆಯೇ ಒಂದು ತೊಂದರೆ. ಮನಸ್ಸು ಕಣ್ಣಿಗೆ ಕಂಡ ಕಷ್ಟಕ್ಕೆ ಕರಗುತ್ತದೆ, ದಿನನಿತ್ಯದ ಕಷ್ಟಕ್ಕಲ್ಲ. 2001ರ ಸೆಪ್ಟೆಂಬರ್ 11ರ ದಾಳಿಯ ಅನಂತರ ಅಮೆರಿಕದಲ್ಲಿ ಲಕ್ಷಗಟ್ಟಲೆ ಜನ ಸಾಲುಗಟ್ಟಿ ನಿಂತು ರಕ್ತ ಕೊಟ್ಟರು. ಗಾಯಾಳುಗಳಿಗೆ ಬೇಕಾದದ್ದು 300 ಯೂನಿಟ್ಟಿಗಿಂತ ಕಡಿಮೆ. ಕೆಂಪು ಕಣಗಳು ತಂಪಿನಲ್ಲಿ ಹೆಚ್ಚೆಂದರೆ 42 ದಿನ ಬಾಳುತ್ತವೆ, ಬಹಳಷ್ಟನ್ನು ಚೆಲ್ಲಬೇಕಾಯಿತು. ನಮ್ಮಲ್ಲಿ ನಾಯಕರ ಹುಟ್ಟುಹಬ್ಬದ ದಿನ ಚೀಲಗಳ ರಾಶಿ. ಏಪ್ರಿಲ್, ಮೇ ತಿಂಗಳಲ್ಲಿ ಕಾಲೇಜುಗಳಿಗೆ ರಜೆ ಬಂದೊಡನೆ ಕೊರತೆ. ಒಂದೇ ದಿನ ಬರುವ ಮುನ್ನೂರು ದಾನಿಗಳಿಗಿಂತ ವರ್ಷಕ್ಕೆ ಮೂರು ಬಾರಿ ತಪ್ಪದೆ ಬರುವ ನೂರು ಮಂದಿ ರಕ್ತನಿಧಿಗೆ ಹೆಚ್ಚು ಬೇಕಾದವರು. ಇದನ್ನರಿತೇ ಸ್ವೀಡನ್ನಿನಲ್ಲಿ ದಾನಿಯ ರಕ್ತ ರೋಗಿಗೆ ಬಳಕೆಯಾದ ದಿನ ಅವನ ಮೊಬೈಲಿಗೆ ಒಂದು ಸಂದೇಶ ಕಳುಹಿಸುತ್ತಾರೆ. ಆಲಿವರ್ ಇದನ್ನು ಮೆಚ್ಚುತ್ತಿದ್ದರು. ನಮ್ಮ ಕಾಲೇಜುಗಳ ಶಿಬಿರಗಳಲ್ಲಿ ಪ್ರಮಾಣಪತ್ರದ ಜೊತೆಗೆ ಇಂಥದೊಂದನ್ನು ಯಾರಾದರೂ ಪ್ರಯತ್ನಿಸಬಹುದು, ಖರ್ಚೂ ಇಲ್ಲ.

ಬೆಲೆಗೂ ಸಿಗದ ರಕ್ತ ಒಂದಿದೆ. 1952ರಲ್ಲಿ ಮುಂಬಯಿಯ ವೈ.ಎಂ. ಭೇಂಡೆ ಮತ್ತು ಜೊತೆಗಾರರು ಯಾವ ಗುಂಪಿಗೂ ಹೊಂದದ ರಕ್ತವೊಂದನ್ನು ವರದಿ ಮಾಡಿದರು. ಎ ಮತ್ತು ಬಿ ಪ್ರತಿಜನಕಗಳಿಗೆ ಬುನಾದಿಯಾದ ಎಚ್ ಪ್ರತಿಜನಕವೇ ಇವರ ಕೆಂಪು ಕಣಗಳಲ್ಲಿ ಇಲ್ಲ. ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯವಿದೆ. ಹಾಗಾಗಿ ಎಲ್ಲರಿಗೂ ಸಲ್ಲುವ ಓ ಗುಂಪಿನ ರಕ್ತವೂ ಇವರಿಗೆ ಸಲ್ಲದು. ಈ 'ಬಾಂಬೆ ಗುಂಪಿ'ನವರು ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೆ ಒಬ್ಬರು. ಕರ್ನಾಟಕದ ಕರಾವಳಿಯಲ್ಲಿಯೂ ಇದ್ದಾರೆ. ಒಬ್ಬರಿಗೆ ಬೇಕಾದರೆ ಇನ್ನೊಬ್ಬರನ್ನು ಹುಡುಕಬೇಕು. ಬೆಂಗಳೂರಿನ ಸಂಕಲ್ಪ ಇಂಡಿಯಾ ಫೌಂಡೇಷನ್ ಇವರ ಪಟ್ಟಿಯನ್ನು ನೋಡಿಕೊಳ್ಳುತ್ತಿದೆ. ಈ ದಾನಿಗಳು ಸಾಮಾನ್ಯ ಶಿಬಿರಗಳಲ್ಲಿ ರಕ್ತ ಕೊಟ್ಟರೆ ಅದು ಅವಧಿ ಮೀರಿ ವ್ಯರ್ಥವಾಗುವ ಸಂಭವವೇ ಹೆಚ್ಚು. ಅದಕ್ಕಾಗಿ ಕರೆ ಬರುವವರೆಗೆ ಕೊಡದೆ ಇರುವುದೇ ಅವರಿಗೆ ಒಪ್ಪುವ ಕ್ರಮ. ಕರೆ ಬಂದಾಗ ಕೆಲಸ ಬಿಟ್ಟು ಬೇರೆ ಊರಿಗೆ ಹೊರಡಬೇಕಾಗಬಹುದು. ಅಲ್ಲಿಯವರೆಗೆ ರಕ್ತದ ದಾಸ್ತಾನು ಅವರ ಮೈಯಲ್ಲೇ.